ಶರಬತ್ತಿನ ಬಾಟಲಿಯಲ್ಲಿ ಕೆಂಪು ನೀರು

ಮೊಹರಂ ಕಡೆಯ ದಿನ, ಬೆಳಿಗ್ಗೆ ಹತ್ತರ ಸುಮಾರಿಗೆ ದೇವಾಪುರದ ಆ ತಗಡಿನ ಕೋಣೆಯಲ್ಲಿ ಇದ್ದವರು ಮೂವರು. ಕಂಪ್ಯೂಟರ್ ರಿಪೇರಿಗೆ ಬಂದು ಫರಸಿ ಕಲ್ಲಿನ ನೆಲದ ಮೇಲೆ ಕಾಲು ಮಡಚಿ ಕುಳಿತ ನಾನು. ಮದುವೆ ವಿಡಿಯೊಗಳನ್ನು ಕತ್ತರಿಸಿ ಜೋಡಿಸುವ ಶಶಿಕಲಾ. ಮೇಜಿನ ಕೆಳಗೆ ತಂಪಿಗೆ ಹೊಟ್ಟೆಯೊಡ್ಡಿ ಮಲಗಿದ್ದ ಆ ಮನೆಯ ನಾಯಿ ಕೆಂಚ. ಶಶಿಕಲಾಳ ಅತ್ತೆ ಗಂಗವ್ವ ಆ ಹೊತ್ತಿಗೆ ಮನೆಯಲ್ಲಿರಲಿಲ್ಲ, ಸಕ್ಕರೆ ತರಲು ಕಿರಾಣಿ ಅಂಗಡಿಗೆ ಹೋಗಿದ್ದಳು. ಹೋಗಿ ಬರಲು ಆಕೆಗೆ ಹಿಡಿದದ್ದು ಕಾಲು ತಾಸು. ಆ ಕಾಲು ತಾಸಿನಲ್ಲಿ ನಾನು ಮಾಡಿದ ಒಂದು ಕೆಲಸದ ಲೆಕ್ಕ ಇದು.

ನಮ್ಮ ಮುಂದೆ ಇದ್ದದ್ದು ನೀರಿನಿಂದ ತಂಪಾಗುವ ಕಂಪ್ಯೂಟರು. ಒಂದು ಬದಿ ಗಾಜು. ಒಳಗೆ ನೀರು ತುಂಬುವ ಸಣ್ಣ ಟಾಕಿ, ಅದರ ಬುಡದಲ್ಲಿ ಪಂಪು, ಅಲ್ಲಿಂದ ಬೆರಳು ದಪ್ಪದ ಕೊಳವೆಗಳಲ್ಲಿ ಕೆಂಪು ನೀರು ಹರಿದು ಯಂತ್ರದ ಮಿದುಳಿನ ಮೇಲಿರುವ ತಾಮ್ರದ ತುಂಡಿನೊಳಗೆ ಹೊಕ್ಕು, ಬಿಸಿಯನ್ನು ಹೊತ್ತುಕೊಂಡು ಹೊರಬಂದು, ರೇಡಿಯೇಟರಿನಲ್ಲಿ ಫ್ಯಾನಿನ ಗಾಳಿಗೆ ಆರಿ, ಮತ್ತೆ ಟಾಕಿಗೆ ಬರುತ್ತಿತ್ತು. ಶಶಿಕಲಾಳ ಗಂಡ ಹೊನ್ನಪ್ಪ, ಕ್ಯಾಮೆರಾ ಹಿಡಿಯುವವನು, ಅದನ್ನು ಹೈದರಾಬಾದಿನಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ತಂದಿದ್ದ. ಊರವರು ಅದನ್ನು ನೋಡಲು ಬರುತ್ತಿದ್ದರಂತೆ. ‘ಇದಕ್ಕೂ ರಗತ ಹರಿತದಲ್ಲವಾ’ ಅಂತ ಒಬ್ಬ ಮುದುಕಿ ಕೈ ಮುಗಿದು ಹೋದಳೆಂದು ಶಶಿಕಲಾ ಹೇಳುತ್ತಿದ್ದಳು.

ಈ ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಓದುತ್ತಾರೆಂದು ಬರೆಯುತ್ತಿದ್ದೇನೆ. ಯಾವ ಸ್ಕ್ರೂ ಯಾವ ಕಡೆ ತಿರುಗಿಸಬೇಕೆಂಬುದನ್ನು ಫೋನಿನಲ್ಲಿ ನೋಡಿ ಕಲಿಯಬಹುದು. ಅಂಜಿಕೆಯನ್ನು ಹಾಗೆ ಕಲಿಯಲಾಗದು. ಅದನ್ನು ಯಾರಾದರೂ ಕೊಡಬೇಕು. ನನಗೆ ಕೊಟ್ಟವರು ಗೌಸ್ ಮಾಸ್ತರು.

ಯಾದಗಿರಿ ಸ್ಟೇಷನ್ ಹತ್ತಿರ ಮಾಸ್ತರದೊಂದು ಉದ್ದನೆಯ ಅಂಗಡಿ. ಸ್ಟೆಬಿಲೈಜರ್ ರಿಪೇರಿ, ಆಮೇಲೆ ಇನ್ವರ್ಟರ್, ಬ್ಯಾಟರಿ. ನಾನು ಸೇರಿದಾಗ ಮೀಸೆ ಚಿಗುರುತ್ತಿತ್ತು. ಆ ಅಂಗಡಿಯ ಶಹಾಬಾದಿ ಫರಸಿಯ ಮೇಲೆಲ್ಲ ಸಿಡುಬಿನ ಕಲೆಗಳಂತೆ ಬಿಳಿ ಚುಕ್ಕೆಗಳಿದ್ದವು. ಬ್ಯಾಟರಿಗೆ ಹಾಕುವ ನೀರು, ಬ್ಯಾಟರಿಗೆ ಹಾಕುವ ಆಸಿಡ್ಡು ಎರಡೂ ಒಂದೇ ನಮೂನೆಯ ಕ್ಯಾನಿನಲ್ಲಿ ಬರುತ್ತಿದ್ದವು. ಕಣ್ಣಿಗೆ ಎರಡೂ ಒಂದೇ. ಅನುಮಾನ ಬಂದಾಗಲೆಲ್ಲ ಮಾಸ್ತರು ಒಂದು ಹನಿ ನೆಲಕ್ಕೆ ಬಿಡುತ್ತಿದ್ದರು. ನೀರಾದರೆ ಸುಮ್ಮನೆ ಹರಡುತ್ತದೆ. ಆಸಿಡ್ಡಾದರೆ ಫರಸಿ ಬುರುಬುರು ನೊರೆ ಕಾರುತ್ತದೆ. ‘ಪತ್ಥರ್ ಸುಳ್ಳ ಹೇಳಂಗಿಲ್ಲ’ ಅನ್ನುತ್ತಿದ್ದರು.

ಒಂದು ದಿನ ಉಳಿದ ಆಸಿಡ್ಡನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ, ಮೂಲೆಯಲ್ಲಿದ್ದ ಸ್ಟೀಲಿನ ತಂಬಿಗೆಗೆ ಸುರಿದು ಮುಚ್ಚಿಟ್ಟೆ. ಅದು ಗಿರಾಕಿಗಳಿಗೆ ನೀರು ಕೊಡುವ ತಂಬಿಗೆ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಮಾಸ್ತರು ಅದನ್ನೆತ್ತಿ ಒಬ್ಬ ರೈತನ ಬೊಗಸೆಗೆ ಬಗ್ಗಿಸುತ್ತಿದ್ದರು. ನನ್ನ ಬಾಯಿಂದ ಏನೋ ಒಂದು ಕೂಗು ಬಂತು. ಮಾಸ್ತರ ಕೈ ಅಲುಗಿ ಧಾರೆ ನೆಲಕ್ಕೆ ಬಿತ್ತು. ಫರಸಿ ನೊರೆ ಕಾರಿತು. ರೈತ ತನ್ನ ಅಂಗೈಯನ್ನು ನೋಡಿಕೊಂಡ, ನೆಲ ನೋಡಿದ, ಎದ್ದು ಹೋದ.

ಮಾಸ್ತರು ಹೊಡೆಯುತ್ತಾರೆಂದು ಬೆನ್ನು ಕೊಟ್ಟು ನಿಂತೆ. ಹೊಡೆಯಲಿಲ್ಲ. ಅಲ್ಲೇ ನೆಲಕ್ಕೆ ಕುಸಿದು ಕುಳಿತರು.

‘ಮಲ್ಲ್ಯಾ, ಜಾನ್ ಹೋಗ್ತಿತ್ತಲ್ಲೋ. ಅವನ್ ಕರಳ ಸುಟ್ಟು ಹೋಗ್ತಿತ್ತು. ಯಾರ್ ಕೈಯಿಂದ? ನನ್ ಕೈಯಿಂದ.’

ಕೈಯೂರಿ ಎದ್ದು ಹೇಳಿದರು: ‘ಕುಡಿಯೂ ಭಾಂಡ್ಯಾದಾಗ ಕುಡಿಯಲಾರದ್ದು ಹಾಕಬ್ಯಾಡ. ಮುಚ್ಚಿಟ್ಟೇನಿ, ನೆನಪಿಟ್ಟೇನಿ ಅಂತ ಅನಬ್ಯಾಡ. ನಿನ್ ನೆನಪು ನಿನ್ ಜೋಡಿ ಊಟಕ್ಕ ಹೋಗಿರ್ತದ, ಭಾಂಡೆ ಇಲ್ಲೇ ಇರ್ತದ.’

ಅಂದಿನಿಂದ ನನ್ನ ಹತ್ತಿರ ಹೊಲಸು ನೀರಿಗೆಂದೇ ಒಂದು ಕರಿ ಕ್ಯಾನು. ಕೊರಳಿಗೆ ಕೆಂಪು ಬಟ್ಟೆಯ ಚಿಂದಿ ಕಟ್ಟಿದ್ದು. ಕ್ಯಾನು ಒಡೆದು ನಾಲ್ಕೈದು ಬದಲಾದವು, ಚಿಂದಿ ಮಾತ್ರ ತಪ್ಪಲಿಲ್ಲ. ಮಾಸ್ತರು ತೀರಿಕೊಂಡ ಮೇಲೂ ತಪ್ಪಲಿಲ್ಲ.

ಬ್ಯಾಟರಿ ಬಿಟ್ಟು ಕಂಪ್ಯೂಟರ್ ರಿಪೇರಿಗೆ ಇಳಿದ ನನ್ನ ಕೈಗೆ ನೀರು ಹರಿಯುವ ಕಂಪ್ಯೂಟರು ಬಂದದ್ದು ಕೆಲಸದ ಕೊನೆಯ ವರ್ಷಗಳಲ್ಲಿ. ಅಲ್ಲಿಯವರೆಗೆ ನಾನು ಜನರಿಗೆ ಹೇಳುತ್ತಿದ್ದದ್ದು ಒಂದೇ ಮಾತು, ಕಂಪ್ಯೂಟರ್ ಹತ್ತಿರ ನೀರಿನ ಲೋಟ ಇಡಬೇಡಿ. ಈಗ ನಾನೇ ಅದರ ಹೊಟ್ಟೆಯೊಳಗೆ ನೀರು ತುಂಬಬೇಕು. ಮೊದಲ ಯಂತ್ರ ಶಹಾಪುರದ್ದು, ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಅಂಗಡಿ ಇಟ್ಟಿದ್ದ ರಾಜಶೇಖರನದು. ಆತ ಫೋನ್ ಮಾಡಿ, ‘ಮಲ್ಲಣ್ಣಾರ, ಯಂತ್ರ ಕಾದು ಕಾದು ಆರಿ ಹೋಗಾಕತ್ತದರಿ’ ಎಂದ. ಹೋಗಿ ಬಿಚ್ಚಿದೆ. ತಾಮ್ರದ ತುಂಡಿನೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಿರುತ್ತವೆ. ಅವೆಲ್ಲ ಬಚ್ಚಲು ಹಂಡೆಯ ಒಳಮೈಯಂತೆ ಬಿಳಿ ಸುಣ್ಣ ಕಟ್ಟಿ ಮುಚ್ಚಿಹೋಗಿದ್ದವು.

‘ಯಾವ ನೀರ್ ಹಾಕಿದ್ದಿ?’

‘ಕಮ್ಮಿ ಆಗಿತ್ರಿ. ಬೋರಿನ ನೀರ್ ಹಾಕೀನಿ. ನಾವೆಲ್ಲ ಅದನ್ನ ಕುಡಿಯೂದಲ್ರಿ?’

‘ನಿನ್ ಹೊಟ್ಟಿ ಕಲ್ಲ್ ಕರಗಸ್ತದ ಮಾರಾಯ, ಇದಕ್ಕ ಆಗಂಗಿಲ್ಲ.’

ಆ ದಿನ ನಾನು ಹೆದರಿದಷ್ಟು ನನ್ನ ಮದುವೆಯ ದಿನವೂ ಹೆದರಿರಲಿಲ್ಲ. ಹಳೆ ನೀರು ಇಳಿಸಿ, ಸುಣ್ಣ ಉಜ್ಜಿ ತೆಗೆದು, ಬ್ಯಾಟರಿ ಅಂಗಡಿಯ ಶುದ್ಧ ನೀರು ಹಾಕಿ ಮೂರು ಸಲ ತೊಳೆದೆ. ತೊಳೆಯುವಾಗ ಉಳಿದ ಭಾಗಗಳಿಗೆ ವಿದ್ಯುತ್ ಹೋಗಬಾರದು, ಪಂಪು ಮಾತ್ರ ಓಡಬೇಕು. ಅದಕ್ಕೆ ಬೋರ್ಡಿನ ಕನೆಕ್ಟರ್ ಎಲ್ಲ ಕಿತ್ತು, ಪವರ್ ಸಪ್ಲೈನ ಹಸಿರು ತಂತಿಗೂ ಕರಿ ತಂತಿಗೂ ಒಂದು ತುಂಡು ತಂತಿ ಸಿಕ್ಕಿಸಬೇಕು. ಪಂಪು ಗುಂಯ್ ಅಂದಾಗ ನನ್ನ ಎದೆಯೂ ಗುಂಯ್ ಅಂದಿತು. ಪ್ರತಿ ಕೀಲಿನ ಕೆಳಗೂ ಬಿಳಿ ಟಿಶ್ಯೂ ಕಾಗದ ಹಾಸಿ, ಕೈಯಲ್ಲಿ ಬ್ಯಾಟರಿ ದೀಪ ಹಿಡಿದು, ಹೆರಿಗೆ ಕೋಣೆಯ ಹೊರಗಿನ ಗಂಡಸಿನಂತೆ ಕಾದೆ. ಕಾಗದದ ಮೇಲೆ ಒಂದು ಹನಿ ಕಂಡರೆ ಮತ್ತೆ ಎಲ್ಲ ಬಿಚ್ಚುವುದು. ಮೂರು ತಾಸು ಒಣಗಿದ್ದರೆ ಮಾತ್ರ ಕನೆಕ್ಟರ್ ಹಾಕುವುದು. ಗಾಳಿಗುಳ್ಳೆ ಸಿಕ್ಕಿಕೊಂಡರೆ ಕ್ಯಾಬಿನೆಟ್ಟನ್ನು ಹಸುಗೂಸಿನಂತೆ ಎತ್ತಿ ಆ ಕಡೆ ಈ ಕಡೆ ವಾಲಿಸಿ ಟಾಕಿಗೆ ತೇಗಿಸಬೇಕು. ಇದನ್ನೆಲ್ಲ ನಾನು ಹೆದರಿ ಹೆದರಿ ಕಲಿತೆ. ಒಂದು ಕಾಗದವೂ ಒದ್ದೆಯಾಗಲಿಲ್ಲ.

ತಪ್ಪಾದದ್ದು ಹಾಕುವ ದ್ರವದಲ್ಲಿ. ಕಂಪ್ಯೂಟರಿಗೆಂದೇ ಬರುವ ಕೂಲಂಟು ನಮ್ಮ ಕಡೆ ಸಿಗುತ್ತಿರಲಿಲ್ಲ. ತರಿಸಲು ಹದಿನೈದು ದಿನ. ಗಿರಾಕಿ ಅಷ್ಟು ದಿನ ಕಾಯುತ್ತಾನೆಯೇ? ಹಾಗಾಗಿ ಕಾರಿನ ರೇಡಿಯೇಟರಿಗೆ ಹಾಕುವ ಕೆಂಪು ಕೂಲಂಟನ್ನು ಬ್ಯಾಟರಿ ನೀರಿನ ಜೊತೆ ಬೆರೆಸಿ ಹಾಕುವ ರೂಢಿ ಮಾಡಿಕೊಂಡೆ. ಯಂತ್ರಗಳು ತಂಪಾಗಿದ್ದವು, ಯಾರೂ ತಕರಾರು ಮಾಡಲಿಲ್ಲ. ಆ ಡಬ್ಬಿಯ ಮೇಲೆ ತಲೆಬುರುಡೆ ಗುರುತಿರುತ್ತದೆ. ಗ್ಲೈಕಾಲ್ ಎಂಬ ವಿಷ. ಯಾದಗಿರಿಯಲ್ಲಿ ಕಾರು ರಿಪೇರಿ ಮಾಡುವ ಗೆಳೆಯ ಅದನ್ನು ತೋರಿಸಿ ಹೇಳಿದ್ದ: ‘ಮಲ್ಲಣ್ಣ, ಇದು ಸಿಹಿ ಇರ್ತದ. ಕುಡದ್ರ ಮೊದಲ ಅಮಲ ಬಂದಂಗ ಆಗ್ತದ, ಆಮ್ಯಾಲ ಆರಾಮ ಆದಂಗ ಕಾಣ್ತದ. ಎಲ್ಲಾರೂ ಹೋತು ಬಿಡು ಅಂತಾರ. ಎರಡ್ ದಿನದಾಗ ಮೂತ್ರಪಿಂಡ ನಿಂತು ಸಾಯ್ತಾರ.’ ವಿಷವೆಂದರೆ ಕಹಿ ಎಂದು ನಂಬಿದ್ದವನಿಗೆ ಈ ಸಿಹಿ ಎಂಬ ಮಾತು ಮೈಮೇಲೆ ಹಾವು ಹರಿದಂತಾಗಿತ್ತು.

ಹಾಗೆ ಬೆರೆಸಿದ್ದನ್ನೇ ಹಿಂದಿನ ವರ್ಷ ದೇವಾಪುರದ ಯಂತ್ರಕ್ಕೂ ಹಾಕಿದ್ದೆ. ಈ ವರ್ಷ ಅದನ್ನು ಇಳಿಸಿ, ತರಿಸಿಟ್ಟ ಬೇರೆ ಕೂಲಂಟು ತುಂಬಬೇಕಿತ್ತು.

‘ಕಾಕಾ, ನೀರ್ ಬದಲಿ ಮಾಡಾಕ ಎಷ್ಟ್ ಹೊತ್ ಹಿಡೀತದ್ರಿ?’ ಎಂದು ಶಶಿಕಲಾ ಕೇಳಿದಳು.

‘ಬದಲಿ ಮಾಡಾಕ ಅರ್ಧ ತಾಸು, ಅಂಜಾಕ ಮೂರ್ ತಾಸು.’

ಅವಳು ನಕ್ಕಳು. ‘ಹಂಗಾರ ಅಂಜೂದು ಜರಾ ಜಲ್ದಿ ಮುಗಸ್ರಿ. ಸಂಜೀಕ ಅಲಾಯಿ ದೇವರು ಮನಿ ಮುಂದ ಬರ್ತಾವ. ನಮ್ಮತ್ತಿ ಶರಬತ್ತಿನ ಹರಕಿ ಹೊತ್ತಾಳ.’

ನಮ್ಮ ಕಡೆಯ ಮೊಹರಂ ಗೊತ್ತಿಲ್ಲದವರಿಗೆ ಒಂದು ಮಾತು. ಹಲವು ಊರುಗಳಲ್ಲಿ ಅದು ಎಲ್ಲರ ಹಬ್ಬ. ನವಿಲುಗರಿ ಕಟ್ಟಿದ ಪಂಜಾಗಳನ್ನು ಅಲಾಯಿ ದೇವರೆಂದು ಕಟ್ಟೆಯ ಮೇಲೆ ಕೂರಿಸಿ, ಕಡೆಯ ದಿನ ಮೆರವಣಿಗೆ ಮಾಡುತ್ತಾರೆ. ಗಂಗವ್ವನವರು ಕೃಷ್ಣಾ ನದಿಯಲ್ಲಿ ದೋಣಿ ನಡೆಸಿದ ಮನೆತನದವರು. ಹೊಳೆ ಉಕ್ಕಿದ ವರ್ಷ ಅವಳ ಮಾವ ಹರಕೆ ಹೊತ್ತು ಬದುಕಿ ದಡ ಸೇರಿದ್ದನಂತೆ. ಅಂದಿನಿಂದ ಕಡೆಯ ದಿನ ಆ ಮನೆಯ ಶರಬತ್ತು. ಮೊದಲು ಒಂದು ತಂಬಿಗೆ ಅಲಾಯಿ ಕಟ್ಟೆಗೆ ಒಯ್ದು ಮುಲ್ಲಾನಿಂದ ಅದರ ಮೇಲೆ ಫಾತೆಹಾ ಓದಿಸಬೇಕು. ಓದಿಸಿದ್ದನ್ನು ತಂದು ಕೊಡಕ್ಕೆ ಬೆರೆಸಿ ಆಮೇಲೆ ಊರಿಗೆ ಹಂಚಬೇಕು. ಓದಿಸುವ ಮೊದಲು ಯಾರೂ ಬಾಯಿಗೆ ಹಚ್ಚುವಂತಿಲ್ಲ. ಸಿಹಿ ಸಾಕೋ ಬೇಕೋ ಎಂದು ಮಾಡಿದವಳೂ ನೆಕ್ಕಿ ನೋಡುವಂತಿಲ್ಲ.

ಟಾಕಿಯ ಬುಡದ ಬಿರಡೆ ತೆಗೆಯುವ ಹೊತ್ತಿಗೆ ಗೊತ್ತಾಯಿತು: ಕೆಂಪು ಚಿಂದಿಯ ಕ್ಯಾನು ಯಾದಗಿರಿಯಲ್ಲೇ ಉಳಿದಿದೆ. ಬಸ್ಸಿನ ಆತುರದಲ್ಲಿ ಬಿಟ್ಟು ಬಂದಿದ್ದೆ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂದು ನನ್ನ ಆಯಿ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ಹತ್ತೂ ಸಲ ನನ್ನ ಮುಖ ನೋಡಿಯೇ ಅನ್ನುತ್ತಿದ್ದಳು.

‘ತಂಗಿ, ಯಾವ್ದರ ಖಾಲಿ ಬಾಟ್ಲಿ ಅದ ಏನು?’

ಅವಳು ಅಡುಗೆಮನೆಗೆ ಹೋಗಿ ಒಂದು ತೊಳೆದ ಗಾಜಿನ ಬಾಟಲಿ ತಂದುಕೊಟ್ಟಳು. ಗುಲಾಬಿ ಶರಬತ್ತಿನ ಬಾಟಲಿ, ಚೀಟಿ ಹಾಗೇ ಇತ್ತು. ಮಾಸ್ತರ ಮಾತು ನೆನಪಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ನೆನಪಾಯಿತು. ‘ಹೋಗುವಾಗ ಒಯ್ಯುತ್ತೇನಲ್ಲ’ ಎಂದು ನೆನಪನ್ನೇ ಸುಮ್ಮನಿರಿಸಿದೆ. ಹಳೆಯ ಕೂಲಂಟು ಕುತ್ತಿಗೆಯವರೆಗೆ ತುಂಬಿತು. ಮುಚ್ಚಳ ತಿರುವಿದೆ. ಕಾಲಿಗೆ ತಾಗಿ ಒಡೆದೀತೆಂದು ಎದ್ದು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದೆ. ಅಲ್ಲಿ ಆಗಲೇ ಶರಬತ್ತಿನ ಅಂಥದೇ ಮೂರು ಬಾಟಲಿಗಳು ಸಾಲಾಗಿ ನಿಂತಿದ್ದವು. ನನ್ನದು ನಾಲ್ಕನೆಯದು.

ಕೆಲಸ ಸಾಂಗವಾಗಿ ನಡೆಯಿತು. ಮೂರು ಸಲ ತೊಳೆದೆ. ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಬಚ್ಚಲಿಗೆ ಚೆಲ್ಲಿದೆ. ಹೊಸ ಕೂಲಂಟಿಗೆ ಬಣ್ಣವೇ ಇರಲಿಲ್ಲ. ಕಾಗದ ಹಾಸಿದೆ, ಕಾದೆ, ಒಂದೂ ನೆನೆಯಲಿಲ್ಲ. ಯಂತ್ರ ಹೊತ್ತಿಕೊಂಡಾಗ ಶಶಿಕಲಾ, ‘ಅಯ್ಯ, ಕೆಂಪ ಹೋತಲ್ರಿ ಕಾಕಾ, ಈಗ ವಿಧವೀ ಕಂಡಂಗ ಕಾಣ್ತದ’ ಎಂದು ಬೇಸರಪಟ್ಟಳು. ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿತು. ಸ್ಕ್ರೂ ಡ್ರೈವರ್, ದೀಪ, ಕೊಳವೆ ತುಂಡು ಎಲ್ಲ ಚೀಲಕ್ಕೆ ತುಂಬಿ ಓಡಿದೆ. ಗಂಗವ್ವ ಅಂಗಳದಲ್ಲಿ ಹಿತ್ತಾಳೆ ಕೊಡ ತಿಕ್ಕುತ್ತಿದ್ದಳು. ‘ಮಲ್ಲಣ್ಣ, ನಿಂದ್ರಪಾ, ಶರಬತ್ತ್ ಕುಡದ್ ಹೋಗಬೇಕು’ ಎಂದಳು. ‘ಮುಂದಿನ ವರ್ಷ ಕುಡೀತೀನಕ್ಕಾ’ ಎಂದು ಕೂಗಿ ಬಸ್ಸು ಹತ್ತಿದೆ.

ಸುರಪುರ ದಾಟಿ ಶಹಾಪುರ ಬಸ್ ನಿಲ್ದಾಣ ಬಂತು. ಮೊಹರಮ್ಮಿನ ದಿನ ಅಲ್ಲಿ ಬಸ್ಸಿನವರಿಗೆಲ್ಲ ಶರಬತ್ತು ಹಂಚುತ್ತಾರೆ. ನನ್ನ ಕಿಟಕಿಯೊಳಗೆ ಒಂದು ಕೈ ಬಂತು, ಕೈಯಲ್ಲಿ ಲೋಟ, ಲೋಟದಲ್ಲಿ ಕೆಂಪು.

‘ತಗೋರಿ ಯಜಮಾನ್ರ.’

ತೆಗೆದುಕೊಂಡೆ. ತುಟಿಯ ಹತ್ತಿರ ಒಯ್ದೆ. ಬಿಸಿಲಿಗೆ ಹಿಡಿದಾಗ ಆ ಬಣ್ಣ ಕಣ್ಣಿಗೆ ಬಿತ್ತು. ಕಿಟಕಿಯ ಕಟ್ಟೆ ಕಂಡಿತು. ನಾಲ್ಕು ಬಾಟಲಿ ಕಂಡವು.

ಲೋಟ ಯಾರ ಮೇಲೆ ಚೆಲ್ಲಿತೋ ತಿಳಿಯದು. ಬೈಗುಳ ಕೇಳಿಸಿತು. ಇಳಿದು ಶಶಿಕಲಾಳಿಗೆ ಫೋನ್ ಹಚ್ಚಿದೆ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಹಚ್ಚಿದೆ, ಮತ್ತೆ ನಿಂತಿತು. ಹೊನ್ನಪ್ಪ ಸುರಪುರದಲ್ಲಿ ಮೆರವಣಿಗೆ ಚಿತ್ರೀಕರಣಕ್ಕೆ ಹೋಗಿದ್ದ, ಅವನ ಫೋನು ಬಂದ್ ಆಗಿತ್ತು. ಆ ಊರಿನಲ್ಲಿ ಇನ್ನೊಬ್ಬರ ನಂಬರು ನನ್ನ ಬಳಿ ಇರಲಿಲ್ಲ. ಎದುರಿಗೆ ಫ್ಲೆಕ್ಸ್ ಅಂಗಡಿ. ರಾಜಶೇಖರ ನನ್ನ ಮುಖ ನೋಡಿದವನೇ ಎದ್ದು ನಿಂತ.

‘ಏನಾತ್ರೀ ಮಲ್ಲಣ್ಣಾರ? ಯಾರರ ತೀರ್ಕೊಂಡಾರೇನು?’

‘ಇನ್ನೂ ಇಲ್ಲ. ಗಾಡಿ ತಗಿ.’

ಅವನು ಏನನ್ನೂ ಕೇಳದೆ ಮೋಟರ್‌ಸೈಕಲ್ ತೆಗೆದ. ನಾನು ಅವನ ಬೆನ್ನಿಗೆ ಅಂಟಿಕೊಂಡು, ಗಾಳಿಯಲ್ಲಿ ಕೂಗಿ ಕೂಗಿ ನಡೆದದ್ದನ್ನು ಹೇಳಿದೆ. ಸುರಪುರದವರೆಗೆ ಅವನು ಗಾಡಿಯ ವೇಗ ಇಳಿಸಲಿಲ್ಲ. ಆಮೇಲೆ, ‘ಬೋರಿನ ನೀರ್ ಹಾಕಿದ್ದಕ್ಕ ನನಗ ಒಂದ್ ತಾಸ್ ಬೈದಿದ್ರಿ ನೀವು’ ಎಂದ. ಎರಡೂ ಬದಿಗೆ ಭತ್ತದ ಗದ್ದೆ, ಕಾಲುವೆಯಲ್ಲಿ ನೀರು. ಪ್ರತಿ ಊರಿನ ಅಗಸೆ ಬಾಗಿಲಲ್ಲೂ ಹಲಗೆ ಸಪ್ಪಳ, ಹೆಜ್ಜೆ ಕುಣಿತ, ಕೈ ಕೈಯಲ್ಲೂ ಕೆಂಪು ಲೋಟ. ನೋಡಿದ ಪ್ರತಿ ಲೋಟವೂ ನಾನೇ ತುಂಬಿಕೊಟ್ಟದ್ದೆಂದು ಕಂಡಿತು. ಎಷ್ಟು ಮನೆ, ಎಷ್ಟು ಮಂದಿ, ಮೊದಲು ಯಾರು ಬೀಳುತ್ತಾರೆ? ಬಿದ್ದರೂ ತಿಳಿಯುವುದು ಎರಡು ದಿನದ ಮೇಲೆ. ಹಬ್ಬದಲ್ಲಿ ತೂರಾಡುವವನನ್ನು ನೋಡಿ ಯಾರು ಆಸ್ಪತ್ರೆಗೆ ಒಯ್ಯುತ್ತಾರೆ?

ದೇವಾಪುರದ ಅಂಗಳದಲ್ಲಿ ಗಂಗವ್ವ ಹೊಸ ಸೀರೆ ಉಟ್ಟು ಕೊಡದ ಪಕ್ಕ ಕುಳಿತಿದ್ದಳು. ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ನಾನು ಒಳಗೆ ಓಡಿ ಕಿಟಕಿ ನೋಡಿದೆ. ಮೂರು ಬಾಟಲಿ ಖಾಲಿ. ನಾಲ್ಕನೆಯದರಲ್ಲಿ ಕಾಲು ಭಾಗ ಉಳಿದಿತ್ತು. ಮೂಸಿದೆ. ಅದು ನನ್ನದು.

‘ಅಕ್ಕಾ! ಈ ಬಾಟ್ಲಿದು ಕೊಡಕ್ಕ ಹಾಕಿಯೇನು?’

‘ಹಾಕೀನಪಾ. ಮಗ ಇನ್ನೊಂದ್ ತಂದಿಟ್ಟಾನ ಅಂದ್ಕೊಂಡೆ. ಈ ಸಲದ್ದು ಬರೇ ನೀರ್ ನೀರ್ ಅದ ನೋಡು, ಅದಕ್ಕ ಸಕ್ಕರಿ ಮತ್ತಷ್ಟ್ ಸುರದೆ. ಕೊಡ ತುಂಬ್ತು, ಕಾಲ್ ಬಾಟ್ಲಿ ಉಳೀತು.’

‘ಯಾರರ ಕುಡದಾರೇನು?’

‘ಓದಸಲಾರ್ದ ಯಾರ್ ಕುಡೀತಾರ? ನಾನೂ ನಾಲಿಗಿಗೆ ಹಚ್ಚಿಲ್ಲ.’

ನನ್ನ ಉಸಿರು ಹೊರಗೆ ಬಂತು. ಅದು ಪೂರ್ತಿ ಬರುವ ಮೊದಲೇ ಗಂಗವ್ವ ಅಂದಳು: ‘ಶಶಿ ಇದರಾಗಿಂದ ಒಂದ್ ತಂಬಿಗಿ ತುಂಬ್ಕೊಂಡ್ ಹೋಗ್ಯಾಳ ಓದಸಾಕ. ಇಷ್ಟೊತ್ತಿಗೆ ಆಗಿರಬೇಕು. ಅಲ್ಲಿ ಕಟ್ಟೀಮ್ಯಾಲ ಇದ್ದೋರಿಗೆ ಮುಲ್ಲಾ ಒಂದೊಂದ್ ಗುಟುಕು ಕೊಡ್ತಾನ, ಆಮ್ಯಾಲ ಕಳಸ್ತಾನ.’

‘ರಾಜಶೇಖರಾ, ಈ ಕೊಡ ಯಾರೂ ಮುಟ್ಟಬಾರ್ದು, ಇಲ್ಲೇ ಕುಂದ್ರು’ ಎಂದವನೇ ಓಡಿದೆ. ಅರವತ್ತೆರಡು ವರ್ಷದ ಕಾಲುಗಳು. ಅಲಾಯಿ ಕಟ್ಟೆ ಊರ ಇನ್ನೊಂದು ತುದಿಗೆ. ಓಣಿ ತುಂಬ ಜನ, ಹಲಗೆಯ ಸಪ್ಪಳಕ್ಕೆ ನನ್ನ ಕೂಗು ನನಗೇ ಕೇಳಿಸುತ್ತಿರಲಿಲ್ಲ. ಕಟ್ಟೆ ಕಂಡಿತು. ಮೇಲೆ ನವಿಲುಗರಿಯ ದೇವರುಗಳು, ಲೋಬಾನದ ಹೊಗೆ. ಮುಂದೆ ಸಾಲು ನಿಂತ ಜನ. ಸಾಲಿನ ತಲೆಯಲ್ಲಿ ಒಬ್ಬ ಬಸುರಿ ಹೆಣ್ಣುಮಗಳು ಬೊಗಸೆಯೊಡ್ಡಿ ನಿಂತಿದ್ದಳು. ಮುಲ್ಲಾ ಹುಸೇನಸಾಬರು, ಎಪ್ಪತ್ತು ದಾಟಿದವರು, ಕಣ್ಣು ಮುಚ್ಚಿ ತಂಬಿಗೆ ಬಗ್ಗಿಸುತ್ತಿದ್ದರು.

ಬೊಗಸೆ. ತಂಬಿಗೆ. ಗೌಸ್ ಮಾಸ್ತರ ಅಂಗಡಿ ಕಣ್ಣ ಮುಂದೆ ಬಂತು. ಅಂದಿನಂತೆ ಕೂಗಲು ಹೋದೆ, ಉಸಿರೇ ಇರಲಿಲ್ಲ. ಮುಲ್ಲಾನ ಕೈಯ ಮೇಲೆ ನನ್ನ ಕೈ ಬೀಸಿ ಹೊಡೆದೆ. ತಂಬಿಗೆ ಹಾರಿ ಫರಸಿಯ ಮೇಲೆ ಬಿದ್ದು ಉರುಳಿತು. ಓದಿಸಿದ ಶರಬತ್ತು ನೆಲದ ಪಾಲಾಯಿತು.

ಹಲಗೆ ನಿಂತಿತು. ಆಮೇಲೆ ನನ್ನ ಕಿವಿಯ ಮೇಲೊಂದು ಏಟು ಬಿತ್ತು, ಯಾರದೆಂದು ಇವತ್ತಿಗೂ ಗೊತ್ತಿಲ್ಲ. ಅಂಗಿಯ ಕೊರಳು ಯಾರದೋ ಮುಷ್ಟಿಯಲ್ಲಿತ್ತು.

‘ಯಾವನೋ ಇಂವ? ದೇವರ ಶರಬತ್ತಿಗೆ ಕೈ ಹಚ್ಚತಾನ?’

‘ಕುಡದಾನ, ಕುಡದಾನ. ಮೂಸ್ರಿ ಬಾಯಿ.’

‘ವಿಷ ಅದ... ಅದರಾಗ ವಿಷ ಅದ... ನಾನ ಇಟ್ಟಿದ್ದೆ’ ಎಂದೆ. ಇಟ್ಟಿದ್ದೆ ಎಂದಾಗ ಮುಷ್ಟಿ ಇನ್ನಷ್ಟು ಬಿಗಿಯಾಯಿತು. ಶಶಿಕಲಾ ನಡುವೆ ಬಂದು, ‘ಬಿಡ್ರಿ, ನಮ್ ಕಾಕಾ ಅದಾರ, ಕಂಪ್ಯೂಟರ್ ಕಾಕಾ’ ಎಂದು ಕೂಗದಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ತೊದಲುತ್ತ ಎಲ್ಲ ಹೇಳಿದೆ. ಅರ್ಧ ಜನಕ್ಕೆ ಅರ್ಥವೇ ಆಗಲಿಲ್ಲ. ಕಂಪ್ಯೂಟರ್ ನೀರು ಕುಡಿಯುವುದೆಂದರೇನು, ಅದು ಸಿಹಿ ವಿಷವೆಂದರೇನು. ಬ್ಯಾಟರಿ ಆಸಿಡ್ಡು ಗೊತ್ತಿದ್ದ ಟ್ರಾಕ್ಟರಿನವನೊಬ್ಬ ನೆಲ ನೋಡಿ ಅಂದ:

‘ಫರಸಿಮ್ಯಾಲ ಬಿದ್ದದಲ್ಲ, ನೊರಿ ಎಲ್ಲದ? ಏನೂ ಆಗಿಲ್ಲಲ್ಲೋ ಮಾರಾಯಾ!’

ಹೌದು, ಏನೂ ಆಗಿರಲಿಲ್ಲ. ಕಲ್ಲಿನ ಮೇಲೆ ಕೆಂಪು ಮಡುವು ತಣ್ಣಗೆ ನಿಂತಿತ್ತು, ನೊಣ ಮುತ್ತುತ್ತಿದ್ದವು. ಮಾಸ್ತರ ಪತ್ಥರ್ ಆವತ್ತು ನನ್ನ ಪರ ಸಾಕ್ಷಿ ನುಡಿಯಲಿಲ್ಲ.

ಹುಸೇನಸಾಬರು ಬಗ್ಗಿ ತಂಬಿಗೆ ಎತ್ತಿಕೊಂಡರು. ಒಳಗೆ ಮೂಸಿದರು. ‘ಇಷ್ಟ್ ಮಂದಿ ಕೈಯಾಗ ಹೊಡತ ತಿನ್ನಾಕ ಯಾಂವ ಸುಳ್ಳ್ ಹೇಳ್ತಾನ?’ ಎಂದರು. ಮತ್ತೆ, ‘ಆ ಕೊಡಾನೂ ಚೆಲ್ರಿ. ಗಂಗವ್ವನ ಹರಕಿ ಕೆಟ್ಟಿಲ್ಲ. ದೇವರಿಗೆ ಹೋಗೂ ಹಾದ್ಯಾಗ ನಿಂತದ ಅಷ್ಟ.’

ಆ ಹೆಣ್ಣುಮಗಳ ಬೊಗಸೆಗೆ ಬಿದ್ದಿತ್ತೇನು ಎಂದು ಮೂರು ಸಲ ಕೇಳಿದೆ. ಬಿದ್ದಿರಲಿಲ್ಲ, ಸಾಲಿನಲ್ಲಿ ಅವಳೇ ಮೊದಲನೆಯವಳು. ಕೈ ತೊಳೆಯಿರಿ ಎಂದೆ. ತೊಳೆದಳು. ಮತ್ತೊಮ್ಮೆ ತೊಳೆಯಿರಿ ಎಂದೆ. ಅವಳು ಹೆದರಿ ಅಳತೊಡಗಿದಳು.

ಗಂಗವ್ವನ ಮನೆ ಹಿಂದೆ ಎದೆಯುದ್ದ ಗುಂಡಿ ತೋಡಿಸಿ ಕೊಡ ಬರಿದು ಮಾಡಿದೆವು. ನಾನೇ ಮಣ್ಣು ಎಳೆದು, ಮೇಲೆ ಕಲ್ಲು ಹೇರಿದೆ. ಗಂಗವ್ವ ನನಗೆ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ರಾಜಶೇಖರ ಸುರಪುರಕ್ಕೆ ಹೋಗಿ ಹೊಸ ಶರಬತ್ತು ತಂದ. ಅದನ್ನು ಓದಿಸಿ ಹಂಚುವಾಗ ಜನ ಲೋಟ ತೆಗೆದುಕೊಂಡು ನನ್ನ ಮುಖ ನೋಡಿ ಕುಡಿಯುತ್ತಿದ್ದರು. ಕೆಲವರು ಕುಡಿದಂತೆ ಮಾಡಿ ಚೆಲ್ಲಿದ್ದನ್ನೂ ಕಂಡೆ.

ನಾನು ಮತ್ತೆ ಯಂತ್ರ ಬಿಚ್ಚಲಿಲ್ಲ. ಸ್ಕ್ರೂ ಡ್ರೈವರುಗಳನ್ನು ರಾಜಶೇಖರನಿಗೆ ಕೊಟ್ಟೆ. ವಯಸ್ಸಾಯಿತು, ನಿವೃತ್ತಿಯಾದೆ ಎಂದು ಯಾದಗಿರಿಯಲ್ಲಿ ಹೇಳಿಕೊಂಡೆ. ನಿಮಗೆ ಹೇಳಬೇಕಾದದ್ದೂ ಉದ್ದವಿಲ್ಲ. ಕೀಲಿನ ಕೆಳಗೆ ಕಾಗದ ಹಾಸುವುದನ್ನು ಎಲ್ಲರೂ ಕಲಿಯುತ್ತೀರಿ. ಇಳಿಸಿದ ನೀರು ಎಲ್ಲಿಗೆ ಹೋಯಿತೆಂದು ನೋಡುವುದು ಕೆಲಸದ ಹೊರಗಿನದೆಂದು ಎಣಿಸಬೇಡಿ.

ಇಷ್ಟು ಬರೆದರೂ ಒಂದನ್ನು ಬಿಟ್ಟಿದ್ದೇನೆ. ಬಾಟಲಿಯಲ್ಲಿ ಕಾಲು ಭಾಗ ಉಳಿದಿತ್ತೆಂದು ಹೇಳಿದೆನಲ್ಲ. ಕೊಡಕ್ಕೆ ಗುಂಡಿ ತೋಡಿಸಿದ ನಾನು, ಮಣ್ಣು ಮುಚ್ಚಿದ ಮೇಲೆ ಆ ಬಾಟಲಿಯನ್ನು ನೋಡಿದೆ. ಇನ್ನೊಂದು ಗುಂಡಿ ಯಾಕೆಂದು, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸುರಿದು, ಎರಡು ಚೆಂಬು ನೀರು ಹಾಕಿ, ಬಾಟಲಿಯನ್ನು ಮಾತ್ರ ಚೀಲದಲ್ಲಿಟ್ಟುಕೊಂಡು ಬಂದಿದ್ದೆ. ಆ ಕಲ್ಲಿನ ಬುಡದಲ್ಲಿ ನೀರು ಹರಿದು ಹೋಗದೆ ನಿಲ್ಲುವ ತಗ್ಗಿತ್ತು.

ಮೂರನೆಯ ದಿನ ಶಶಿಕಲಾ ಫೋನ್ ಮಾಡಿದಳು. ‘ಕಾಕಾ, ಕೆಂಚ ಹೋಯ್ತ್ರಿ. ಮೊನ್ನೆ ತೂರಾಡಾಕತ್ತಿತ್ತು. ನಿನ್ನೆ ಆರಾಮ ಆಗಿತ್ತು.’

ಮೊದಲ ಬಸ್ಸಿಗೆ ಹೋದೆ. ಹೊನ್ನಪ್ಪ ಕಾಲುವೆ ದಂಡೆಯ ಬೇವಿನ ಮರದ ಕೆಳಗೆ ಅಗೆದಿದ್ದ, ನಾನೂ ಒಂದು ಬುಟ್ಟಿ ಮಣ್ಣು ಹಾಕಿದೆ. ಮನೆಗೆ ಬಂದು ಅಂಗಳದಲ್ಲಿ ಕುಳಿತಾಗ ಗಂಗವ್ವ ಚಹಾ ತಂದಳು. ಕಪ್ಪನ್ನು ನನ್ನ ಕೈಗೆ ಕೊಡುವ ಮೊದಲು ಅದನ್ನು ಮೂಗಿನ ಹತ್ತಿರ ಒಯ್ದು ಒಮ್ಮೆ ಮೂಸಿ ನೋಡಿದಳು. ಆಮೇಲೆ ಕೊಟ್ಟಳು.